ಪರಾಂಚಿ ಶಂಕ್ರೆಪ್ಪನ ಸಾಕ್ಷಿ

ಸಾಂತಾಕ್ರೂಜ್ ಈಸ್ಟಿನ ಆ ಚಾಳಿನಲ್ಲಿ ಪರಾಂಚಿ ಶಂಕ್ರೆಪ್ಪನ ಖೋಲಿ ಎಲ್ಲಿ ಎಂದು ಕೇಳಿದರೆ ಆಟವಾಡುವ ಮಗುವೂ ಕೈ ಮಾಡಿ ತೋರಿಸುತ್ತದೆ. ಹಳೆಯ ಬಿಲ್ಡಿಂಗಿಗೆ ಬಣ್ಣ ಹಚ್ಚಬೇಕು, ಉದುರಿದ ಗಿಲಾವು ಮೆತ್ತಬೇಕು ಎಂದಾಗ ಅದರ ಮೈಸುತ್ತ ಬಿದಿರಿನ ಗಳಗಳನ್ನು ಹಗ್ಗದಲ್ಲಿ ಬಿಗಿದು ಅಟ್ಟಣೆ ಕಟ್ಟುತ್ತಾರಲ್ಲ, ಅದೇ ಪರಾಂಚಿ. ಬಣ್ಣದವರು ಬಣ್ಣ ಹಚ್ಚಿ ಹೆಸರು ಮಾಡಿಕೊಂಡು ಹೋಗುತ್ತಾರೆ. ಪರಾಂಚಿಯವನು ಮಾತ್ರ ತಾನು ಕಟ್ಟಿದ್ದನ್ನು ತಾನೇ ಬಿಚ್ಚಿಕೊಂಡು ಹೋಗಬೇಕು. ಅವನು ಬಂದು ಹೋದ ಗುರುತೂ ಗೋಡೆಯ ಮೇಲೆ ಉಳಿಯುವುದಿಲ್ಲ. ಇಂಥ ಕೆಲಸದಲ್ಲಿ ಹೆಸರು ಗಳಿಸುವುದು ಸಣ್ಣ ಮಾತಲ್ಲ. ಶಂಕ್ರೆಪ್ಪ ಗಳಿಸಿದ್ದ.

ಇಂಡಿ ತಾಲೂಕಿನ ಹಳ್ಳಿಯಿಂದ ಮೀಸೆ ಮೂಡುವ ಮೊದಲೇ ಮುಂಬೈಗೆ ಬಂದವನು. ಮೊದಲು ಕೆಳಗೆ ನಿಂತು ಗಳ ಎತ್ತಿಕೊಟ್ಟ, ಆಮೇಲೆ ಗಂಟು ಕಲಿತ, ಆಮೇಲೆ ಏರಿದ. ಏರಿದ ಮೇಲೆ ಇಳಿಯುವ ಮನಸ್ಸೇ ಆಗಲಿಲ್ಲ ಅವನಿಗೆ. ಏಳನೆಯ ಮಜಲೆಯ ಹೊರಗೆ ಒಂದೇ ಗಳದ ಮೇಲೆ ಅಂಗಾಲೂರಿ ನಿಂತು ಬೀಡಿ ಹಚ್ಚುತ್ತಿದ್ದ. ಕೆಳಗೆ ಹೋಗುವ ಪರಿಚಯದವರನ್ನು ಹೆಸರು ಹಿಡಿದು ಕೂಗುತ್ತಿದ್ದ. ಕಿಟಕಿಯೊಳಗಿನ ಹೆಂಗಸರು ನೋಡಲಾರದೆ ಪರದೆ ಎಳೆದುಕೊಳ್ಳುತ್ತಿದ್ದರಂತೆ. ಇದನ್ನೆಲ್ಲ ಹೇಳಿಕೊಳ್ಳುವಾಗ ಉಪ್ಪು ಖಾರ ತುಸು ಹೆಚ್ಚೇ ಬೀಳುತ್ತಿತ್ತು, ಆದರೆ ಸುಳ್ಳೇನೂ ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲಂತೂ ಆ ಏರುವ ಹೆಮ್ಮೆಯೊಂದೇ ಅವನ ಸಂಸಾರವಾಯಿತು.

ಮುಂದೆ ಗ್ಯಾಂಗಿನ ಆಳುಗಳಿಗೆಲ್ಲ ಹಿರಿಯನಾಗಿ ಮುಕಾದಮನಾದ. ಮುಕಾದಮನೆಂದರೆ ಎರಡೂ ಕಡೆಗೆ ಜಾಮೀನು ನಿಂತವನು. ಕೆಲಸ ಕೆಟ್ಟರೆ ಕಾಂಟ್ರಾಕ್ಟರನಿಗೆ ಉತ್ತರ ಕೊಡಬೇಕು. ಆಳಿಗೆ ಏನಾದರೂ ಆದರೆ ಊರಿಗೆ ಉತ್ತರ ಕೊಡಬೇಕು. ಈ ಜಾಮೀನಿಗೆ ಕಾಗದವಿಲ್ಲ, ಸಹಿಯಿಲ್ಲ. ತನ್ನ ಹಳ್ಳಿಯ ದೇವಾನಂದನನ್ನು ಕೆಲಸಕ್ಕೆ ಕರೆತರುವಾಗ ಅವನ ತಾಯಿ ಕಸ್ತೂರಿಬಾಯಿ ಮಗನ ಕೈಯನ್ನು ಶಂಕ್ರೆಪ್ಪನ ಕೈಯಲ್ಲಿಟ್ಟು, "ಇಂವಗ ನೀನ ಜಾಮೀನ ನೋಡಪಾ, ಶಂಕ್ರಣ್ಣಾ" ಎಂದಿದ್ದಳು. "ಹೂಂನವ್ವಾ, ನನ್ನ ಮಗಾ ಇದ್ದಂಗ" ಎಂದು ಇವನು ದೇವರ ಭಂಡಾರ ಮುಟ್ಟಿ ಮಾತು ಕೊಟ್ಟಿದ್ದ.

ಶಂಕ್ರೆಪ್ಪನ ಗ್ಯಾಂಗಿಗೆ ಒಂದು ಕಟ್ಟಳೆಯಿತ್ತು. ಅಮಾವಾಸ್ಯೆಯ ದಿನ ಕೆಲಸವಿಲ್ಲ. ಕಾಂಟ್ರಾಕ್ಟರರು ಬೈದುಕೊಳ್ಳುತ್ತಲೇ ಇದನ್ನು ಒಪ್ಪಿಕೊಂಡಿದ್ದರು, ಏಕೆಂದರೆ ಇವರ ಹಾಗೆ ಗಂಟು ಬಿಗಿಯುವವರು ಬೇರೆ ಸಿಗುತ್ತಿರಲಿಲ್ಲ. ಕೆಲಸವಿಲ್ಲ, ಆದರೆ ಪೂಜೆ ತಪ್ಪುವಂತಿಲ್ಲ. ಮುಕಾದಮ ತಣ್ಣೀರು ಸುರಿದುಕೊಂಡು, ಒದ್ದೆ ಧೋತರದಲ್ಲೇ ಎಲ್ಲಕ್ಕೂ ಮೇಲಿನ ಗಳದವರೆಗೆ ಏರಿ, ನಿಂಬೆಹಣ್ಣು ಕಟ್ಟಿ ಕುಂಕುಮ ಹಚ್ಚಿ ಬರಬೇಕು. ಹಾಗೆ ಏರುವಾಗ ಸೇಫ್ಟಿ ಬೆಲ್ಟು ಹಾಕುವಂತಿಲ್ಲ. ಗ್ಯಾಂಗಿನ ಬೆಲ್ಟುಗಳು ಇವತ್ತು ಒಬ್ಬನ ಮೈಮೇಲೆ, ನಾಳೆ ಇನ್ನೊಬ್ಬನ ಮೈಮೇಲೆ. ಎಲ್ಲರ ಬೆವರು ಕುಡಿದವು. ಅವನ್ನು ಬಿಗಿದುಕೊಂಡು ಮಡಿಯಲ್ಲಿ ದೇವರ ಕೆಲಸಕ್ಕೆ ಹೋಗುವುದುಂಟೇ? ಉಳಿದ ದಿನ ಬೆಲ್ಟು ಹಾಕದವನ ಜನ್ಮ ಜಾಲಾಡುವ ಶಂಕ್ರೆಪ್ಪನಿಗೆ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಪೂಜೆಯಾಗದ ಪರಾಂಚಿಯ ಮೇಲೆ ಮರುದಿನ ಗ್ಯಾಂಗಿನ ಒಬ್ಬನೂ ಕಾಲಿಡುತ್ತಿರಲಿಲ್ಲ. ಇದು ಗೊತ್ತಿದ್ದೇ ಕಾಂಟ್ರಾಕ್ಟರನ ಮ್ಯಾನೇಜರ್ ಅನಿಲ ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ತಾನೇ ಫೋನು ಮಾಡಿ, "ಮುಕಾದಮ್, ಪೂಜಾ ಹೋ ಗಯಾ ಕ್ಯಾ?" ಎಂದು ವಿಚಾರಿಸುತ್ತಿದ್ದ. ಅವನಿಗೆ ಭಕ್ತಿಗಿಕ್ತಿ ಏನಿಲ್ಲ, ಮರುದಿನದ ಕೆಲಸ ನಿಂತೀತೆಂಬ ಚಿಂತೆ ಅಷ್ಟೇ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಶಂಕ್ರೆಪ್ಪನಿಗೆ ಒಂದು ಕೇಡು ಗಂಟುಬಿತ್ತು. ವಿಲೆ ಪಾರ್ಲೆಯ ಒಂದು ಸೊಸೈಟಿಯ ಟೆರೇಸಿನ ಮಟ್ಟದಲ್ಲಿ ನಿಂತಿದ್ದ. ಇಳಿಯಲು ಬಂದ ವಿಮಾನವೊಂದು ತಲೆಯ ಮೇಲೆ ಹಾಯ್ದು ಹೋಯಿತು. ಅದೇನು ಹೊಸದಲ್ಲ, ಆ ಕಡೆ ದಿನವಿಡೀ ಅವುಗಳದೇ ಓಡಾಟ. ಆದರೆ ಅವತ್ತು ವಿಮಾನದ ಹಿಂದೆ ಆಕಾಶವೂ ಸರಿಯಿತು, ಆಮೇಲೆ ಬಿಲ್ಡಿಂಗೂ ಸರಿಯಿತು. ಗಳವನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ನಿಂತ. ಇಳಿದು ಬಂದು ಪಿತ್ತವೆಂದ, ಲಿಂಬು ಪಾನಿ ಕುಡಿದ. ಮರುದಿನ ಏರಿದಾಗ ಮತ್ತೆ ಅದೇ.

ಯಾರಿಗೂ ಹೇಳಲಿಲ್ಲ. ಏರಲಾರದ ಪರಾಂಚಿ ಮುಕಾದಮನೆಂದರೆ ಈಜು ಬಾರದ ಅಂಬಿಗ; ಯಾರು ಅವನ ಮಾತು ಕೇಳುತ್ತಾರೆ? ಮೊಣಕಾಲು ನೋವೆಂದು ನೆವ ಹೇಳಿ ಕೆಳಗೇ ನಿಲ್ಲತೊಡಗಿದ. ಗಳಕ್ಕೆ ಅಂಗೈಯಿಂದ ಬಡಿದು, ಕಿವಿಗೊಟ್ಟು, "ಮ್ಯಾಲಿನ ಗಂಟ ಸಡಲ ಐತಿ, ನೋಡ್ರೋ" ಎನ್ನುತ್ತಿದ್ದ. ಬಾಯಿಗೆ ಬಂದದ್ದು ಹೇಳುತ್ತಿದ್ದ ಅಷ್ಟೇ; ಆದರೆ ಏಳು ಮಜಲೆಯಲ್ಲಿ ಎಲ್ಲೋ ಒಂದು ಗಂಟು ಸಡಿಲಾಗಿ ಸಿಕ್ಕೇ ಸಿಗುತ್ತದೆ. "ಮುಕಾದಮರು ನೆಲದ ಮ್ಯಾಲ ನಿಂತ ಗಂಟ ಹಿಡೀತಾರ" ಎಂದು ಗ್ಯಾಂಗು ಬಾಯಿ ಬಿಟ್ಟಿತು. ಅಂಜಿಕೆ ಕೂಡ ಅವನ ಹೆಸರನ್ನೇ ಹೆಚ್ಚಿಸಬೇಕೇ? ಗ್ರಹಚಾರ ಎನ್ನುವುದು ಇದಕ್ಕೇ.

ನಡುವಿನ ಕಾರ್ತಿಕದ ಅಮಾವಾಸ್ಯೆಗೆ ಹೊಸ ಸೈಟಿನ ಪರಾಂಚಿ ಒಂದೇ ಮಜಲೆ ಎದ್ದಿತ್ತು, ಅಷ್ಟನ್ನು ಹೇಗೋ ಏರಿ ಪಾರಾಗಿದ್ದ. ಹೀಗಿರುವಾಗ ಎಳ್ಳ ಅಮಾವಾಸ್ಯೆ ಬಂತು. ಊರಲ್ಲಾದರೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಅನ್ನದ ಚರಗ ಚೆಲ್ಲುವ ಹಬ್ಬ. ಮುಂಬೈಯಲ್ಲಿ ಹೊಲ ಎಲ್ಲಿಂದ ತರುವುದು? ಇವರಿಗೆ ಪರಾಂಚಿಯೇ ಹೊಲ. ಅವತ್ತು ನಿಂಬೆಹಣ್ಣಿನ ಜತೆಗೆ ಚರಗದ ಬುಟ್ಟಿಯನ್ನೂ ಮೇಲೆ ಒಯ್ದು ನಾಲ್ಕು ದಿಕ್ಕಿಗೆ ಚೆಲ್ಲಬೇಕು. ಗ್ಯಾಂಗಿನವರು ಹೆಂಡತಿ ಮಕ್ಕಳೊಂದಿಗೆ ಬುತ್ತಿ ಹೊತ್ತು ಜುಹೂ ಚೌಪಾಟಿಗೆ ಹೋಗಿದ್ದರು. ದೇವಾನಂದನ ಹೆಂಡತಿ ಶಿವಕುಮಾರಿಯೂ ಹೋಗಿದ್ದಳು. ಪೂಜೆ ಮುಗಿಸಿ ಗಂಡ ಅಲ್ಲಿಗೇ ಬರುತ್ತಾನೆಂದು ಸಜ್ಜೆಯ ಕಡುಬು, ಭಜ್ಜಿಯ ಡಬ್ಬಿ ಮುಂದಿಟ್ಟುಕೊಂಡು ಕಾದಿದ್ದಳು. ಸೈಟಿನಲ್ಲಿ ಇದ್ದವರು ಶಂಕ್ರೆಪ್ಪ, ಮತ್ತೆ ಬುಟ್ಟಿ ಹೊತ್ತು ತಂದ ದೇವಾನಂದ, ಇಬ್ಬರೇ.

ಬಿಲ್ಡಿಂಗು ಏಳು ಮಜಲೆಯದು. ಶಂಕ್ರೆಪ್ಪ ಒದ್ದೆ ಧೋತರದಲ್ಲಿ ಮೊದಲ ಗಳಕ್ಕೆ ಕೈ ಹಚ್ಚಿದ. ಹಿಂದಕ್ಕೆ ತೆಗೆದ.

"ದೇವ್ಯಾ, ಈ ಸಲ ಪೂಜಿ ಮಾನ ನಿನಗ" ಎಂದ. "ಜಳಕಾ ಮಾಡಿ ಏರು."

"ನಾನ್ರಿ, ಕಾಕಾ?"

"ನೀನ. ಬೆಲ್ಟ್ ಬಿಚ್ಚಿಡು."

ಮುಂದಿನದಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ. ಮೊದಲು ಚರಗದ ಬುಟ್ಟಿ ನೆಲಕ್ಕೆ ಬಿತ್ತು. ಅದರ ಬೆನ್ನಿಗೇ ದೇವಾನಂದ ಬಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಪೊಲೀಸ್ ಠಾಣೆಯ ಬಾಗಿಲಲ್ಲಿ ಅನಿಲ ಶಂಕ್ರೆಪ್ಪನ ಭುಜ ಹಿಡಿದು ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: ಅವನೇ ತಾನಾಗಿ ಏರಿದ ಎನ್ನು. ಶಂಕ್ರೆಪ್ಪನಿಗೆ ಆಗ ನೆಲ ಯಾವುದು ಗೋಡೆ ಯಾವುದು ತಿಳಿಯುವ ಸ್ಥಿತಿ ಇರಲಿಲ್ಲ. "ಅವನ ಏರಿದ್ರಿ ಸಾಹೇಬ್ರ, ನಾ ಬ್ಯಾಡ ಅಂದಿದ್ದೆ" ಎಂದುಬಿಟ್ಟ. ಅಷ್ಟು ಹೇಳಿದರೂ ನಿಷ್ಕಾಳಜಿಯ ಕೇಸು ಕಾಂಟ್ರಾಕ್ಟರನ ಮೇಲೂ ಆಯಿತು, ಇವನ ಮೇಲೂ ಆಯಿತು. ಪಕ್ಕದ ಖೋಲಿಯ ಜಮಾಲಸಾಬ ಜಾಮೀನು ನಿಂತು ಬಿಡಿಸಿಕೊಂಡು ಬಂದ. ಜಮಾಲಸಾಬ ಸೀಲಿಂಗಿಗೆ ಪಿಒಪಿ ಮಾಡುವವನು, ಆಳಂದದ ಕಡೆಯವನು. ಇಬ್ಬರದೂ ಹಳೆಯ ಸ್ನೇಹ.

ವರ್ಷ ಕಳೆಯಿತು. ಶಿವಕುಮಾರಿ ಪಾರ್ಲೆಯ ಮನೆಗಳಲ್ಲಿ ಭಾಂಡೆ ತಿಕ್ಕಿ ಮಗಳನ್ನು ಸಾಕುತ್ತ, ಪರಿಹಾರಕ್ಕೆಂದು ಬಾಂದ್ರಾದ ಕಾರ್ಮಿಕರ ಕೋರ್ಟಿಗೆ ಅಲೆದಳು. ಅಷ್ಟರ ನಡುವೆಯೂ ಸೋಮವಾರಕ್ಕೊಮ್ಮೆ, "ಕಾಕಾಗ ಮಾಡಿ ಹಾಕವರು ಯಾರದಾರ" ಎಂದು ಬಿಸಿ ರೊಟ್ಟಿ ತಂದುಕೊಡುತ್ತಿದ್ದಳು. ಅವಳ ಕಣ್ಣಲ್ಲಿ ಅವನು ಗಂಡನನ್ನು ಬೇಡ ಬೇಡವೆಂದು ತಡೆದ ಹಿರಿಯ. ಆ ರೊಟ್ಟಿ ಶಂಕ್ರೆಪ್ಪನ ಗಂಟಲಲ್ಲಿ ಹೇಗೆ ಇಳಿಯುತ್ತಿತ್ತೋ ಅವನಿಗೇ ಗೊತ್ತು.

ಒಂದು ಮಧ್ಯಾಹ್ನ ಅವಳು ತನ್ನ ವಕೀಲೆ ರಂಜನಾಳನ್ನು ಕರೆದುಕೊಂಡು ಬಂದಳು. ರಂಜನಾ ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸಿದವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಮುಂಬೈ. "ಕಾಕಾ, ನನ್ನ ಕನ್ನಡ ಸ್ವಲ್ಪ ತೂಟಾಫೂಟಾ, ಅಡ್ಜಸ್ಟ್ ಮಾಡಿ" ಎಂದು ನೆಲದ ಮೇಲೇ ಕುಳಿತಳು.

"ಇನ್ಶೂರನ್ಸ್ ಕಂಪನಿ ಏನು ಹೇಳ್ತದೆ ಗೊತ್ತಾ? ಒಂದು, ಬೆಲ್ಟ್ ಇರಲಿಲ್ಲ. ಅದು ನನಗೆ ಟೆನ್ಶನ್ ಇಲ್ಲ. ಮನುಷ್ಯ ಸತ್ತಿದ್ದಾನೆ ಅಂದ್ರೆ ಬೆಲ್ಟ್ ತೆಗೆದಿದ್ದ ಅಂತ ಹೇಳಿ ಅವರು ತಪ್ಪಿಸಿಕೊಳ್ಳೋ ಹಾಗಿಲ್ಲ, ಕಾನೂನು ಇದೆ. ಎರಡನೇದು ಕಷ್ಟ. ಅವತ್ತು ಛುಟ್ಟಿ. ಪೂಜೆ ಮಾಡೋದು ಅವನ ಸ್ವಂತ ಭಕ್ತಿ, ಕೆಲಸ ಅಲ್ಲ, ಅದಕ್ಕೆ ನಾವು ಯಾಕೆ ಕೊಡಬೇಕು ಅಂತಾರೆ."

"ಅದಕ್ಕೇನ ಮಾಡಬೇಕ್ರಿ?" ಎಂದಳು ಶಿವಕುಮಾರಿ ಬಾಗಿಲಲ್ಲಿ ನಿಂತೇ.

"ಕಳೆದ ವರ್ಷ ಸುಪ್ರೀಂ ಕೋರ್ಟ್ ಒಂದು ಜಜ್‌ಮೆಂಟ್ ಕೊಟ್ಟಿದೆ" ಎಂದಳು ರಂಜನಾ. "ಸಕ್ಕರೆ ಕಾರ್ಖಾನೆ ವಾಚ್‌ಮನ್ ಒಬ್ಬ. ಡ್ಯೂಟಿಗೆ ಹೋಗೋ ದಾರಿಯಲ್ಲೇ ಆಕ್ಸಿಡೆಂಟ್ ಆಗಿ ಸತ್ತ. ಕಾರ್ಖಾನೆ ಒಳಗೆ ಕಾಲು ಕೂಡ ಇಟ್ಟಿರಲಿಲ್ಲ. ಆದರೂ ಅದು ಕೆಲಸದ ಸಾವೇ ಅಂದರು. ಸಾವಿಗೂ ಕೆಲಸಕ್ಕೂ ಸಂಬಂಧ ಕಾಣಬೇಕು, ಬಸ್. ನಮ್ಮ ಕೇಸಿನಲ್ಲಿ ಆ ಸಂಬಂಧ ಯಾರು ಹೇಳ್ತಾರೆ? ಅಲ್ಲಿ ಇದ್ದದ್ದು ನೀವು ಒಬ್ಬರೇ. ಕಾಕಾ, ಸಚ್ ಸಚ್ ಹೇಳಿ. ಅವನು ತಾನೇ ಏರಿದನಾ? ಅಥವಾ ಯಾರಾದರೂ ಏರಿಸಿದರಾ?"

ಏರಿಸಿದೆ ಎಂದರೆ ಈ ಹೆಣ್ಣುಮಗಳ ಬದುಕು ನೆಲೆಗೆ ಹತ್ತುತ್ತದೆ. ತಾನು ಪೊಲೀಸರ ಮುಂದೆ ಸುಳ್ಳು ಹೇಳಿದ್ದು ಬಯಲಾಗುತ್ತದೆ. ಯಾಕೆ ಏರಿಸಿದೆ ಎಂದು ಮುಂದೆ ಕೇಳಿಯೇ ಕೇಳುತ್ತಾರೆ. ಶಿವಕುಮಾರಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಚಹದ ಕಪ್ಪು ಕೆಳಗಿಟ್ಟ.

"ವಿಚಾರ ಮಾಡಿ ಹೇಳ್ತೀನ್ರಿ" ಎಂದ.

"ಇದರಾಗ ವಿಚಾರ ಮಾಡೂದೇನ ಐತ್ರಿ, ಕಾಕಾ?" ಎಂದಳು ಶಿವಕುಮಾರಿ.

ಸಾಕ್ಷಿಯ ತಾರೀಖು ಹತ್ತಿರವಾದಾಗ ಅನಿಲನಿಗೂ ವಾಸನೆ ಹತ್ತಿತು. ಸ್ಟೇಶನ್ನಿನ ಹತ್ತಿರ ಕಟಿಂಗ್ ಚಾಯ್ ಕೊಡಿಸಿ ಬೆನ್ನು ತಟ್ಟಿದ. ಅವನ ಹಿಂದಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಯಷ್ಟೇ ಬಣ್ಣವಿತ್ತು, ಖಾರವನ್ನು ಒಳಗೆ ಇಟ್ಟುಕೊಂಡಿದ್ದ. ಗ್ರಾಂಟ್ ರೋಡಿನಲ್ಲಿ ಒಂದು ದೊಡ್ಡ ಬಿಲ್ಡಿಂಗು ಬಂದಿದೆ, ನಿನ್ನ ಗ್ಯಾಂಗಿಗೇ ಕೊಡಬೇಕೆಂದು ಕಾಂಟ್ರಾಕ್ಟರ್ ಶೇಠ್ ಹೇಳಿದ್ದಾರೆ. ಪೊಲೀಸರ ಮುಂದೆ ಹೇಳಿದ್ದನ್ನೇ ಕೋರ್ಟಿನಲ್ಲೂ ಹೇಳು, ಸಾಕು. ಮಾತು ಬದಲಿಸಿದರೆ ಕಳಿಸಿದವನು ನೀನು, ಕೊಂದವನೂ ನೀನೇ ಅಂತ ಆಗುತ್ತದೆ. ಆಗ ಶೇಠ್ ನಿನ್ನ ಕಡೆ ನೋಡುವುದಿಲ್ಲ. ಅದೂ ಬೇಡವೆಂದರೆ ಇನ್ನೊಂದು ದಾರಿ. "ಗಾಂವ್ ಜಾವೋ, ಮುಕಾದಮ್. ತಬಿಯತ್ ಠೀಕ್ ನಹೀ ಬೋಲೋ." ಊರಿಗೆ ಹೋಗಿ ಕುಳಿತುಬಿಟ್ಟರೆ ಕೇಸೂ ತಾನಾಗಿ ಕುಳಿತುಕೊಳ್ಳುತ್ತದೆ ಎಂದು ಅವನ ಲೆಕ್ಕ.

ಶಂಕ್ರೆಪ್ಪ ಊರಿಗೆ ಹೋಗುವ ಯೋಚನೆಯನ್ನು ನಿಜವಾಗಿಯೂ ಮಾಡಿದ. ಚೀಲಕ್ಕೆ ಎರಡು ಧೋತರ, ಅಂಗಿ ತುರುಕಿದ. ಆಮೇಲೆ ಕಸ್ತೂರಿಬಾಯಿಯ ಮನೆಯ ಮುಂದಿನಿಂದಲೇ ತನ್ನ ಮನೆಗೆ ದಾರಿ ಎಂಬುದು ನೆನಪಾಯಿತು. ಚೀಲ ಹಿಡಿದುಕೊಂಡೇ ಜಮಾಲಸಾಬನ ಹೊಸ್ತಿಲಲ್ಲಿ ಹೋಗಿ ಕುಳಿತು, ವರ್ಷದಿಂದ ಒಳಗಿಟ್ಟುಕೊಂಡದ್ದನ್ನೆಲ್ಲ ಒದರಿಬಿಟ್ಟ. ತಲೆ ತಿರುಗುವುದು, ಮಾನದ ನೆವ ಹೇಳಿ ಹುಡುಗನನ್ನು ಏರಿಸಿದ್ದು, ಎಲ್ಲ.

ಜಮಾಲಸಾಬ ಸುಣ್ಣ ಹತ್ತಿದ ಉಗುರು ಕೆರೆಯುತ್ತ ಕುಳಿತ.

"ಸಿಟ್ಟ ಬಂತೇನ ಜಮಾಲಾ? ಏನರೆ ಅನ್ನು" ಎಂದ ಶಂಕ್ರೆಪ್ಪ. "ನಾ ಮಾತ ಬದಲಾಸಿದ್ರ ಪೊಲೀಸ್ರು ನಿನ್ನೂ ಕರೀತಾರ. ನೀ ಜಾಮೀನ ಇದ್ದಿ."

"ಅರೇ ಭಾಯಿ, ಕರದಾಗ ನೀ ಕೋರ್ಟಿಗೆ ಬರ್ತಿ ಅನ್ನೂದಕ್ಕ ನಾ ಜಾಮೀನು" ಎಂದ ಜಮಾಲಸಾಬ. "ಬಂದ ಏನ ಹೇಳ್ತಿ ಅನ್ನೂದಕ್ಕ ನಾ ಜಾಮೀನ ಅಲ್ಲ. ಅದಕ್ಕ ಯಾರೂ ಆಗಾಕ ಬರೂದಿಲ್ಲ. ಊರಿಗೆ ಓಡಿ ಹೋದೆಂದ್ರ ಮಾತ್ರ ನನ್ನ ಕೊರಳಿಗೆ ಬರ್ತೈತಿ. ಹೋಗಿ ಚೀಲಾ ಇಡು."

ಶಂಕ್ರೆಪ್ಪ ಹೋಗಿ ಚೀಲ ಇಟ್ಟ.

ಕೋರ್ಟು ನಾಲ್ಕನೆಯ ಮಜಲೆಯಲ್ಲಿತ್ತು. ಶಂಕ್ರೆಪ್ಪ ಗೋಡೆಯನ್ನೇ ನೋಡುತ್ತ ಮೆಟ್ಟಿಲು ಹತ್ತಿದ. ಒಳಗೆ ಹೋದಾಗ ಅವನ ಕಾಲು ಒಂದು ಗಳಿಗೆ ನಿಂತೇಬಿಟ್ಟಿತು. ಹಿಂದಿನ ಬೆಂಚಿನಲ್ಲಿ ಅವನ ಗ್ಯಾಂಗಿನ ಶರಣು, ಬಸವಂತಪ್ಪ ಕುಳಿತಿದ್ದರು. ಅನಿಲ ಅವರನ್ನು ಕರೆತಂದಿದ್ದ. ಹಿಂದಿನ ತಾರೀಖಿನಂದು ಅವರಿಬ್ಬರೂ ಸಾಕ್ಷಿ ಹೇಳಿ ಮುಗಿಸಿದ್ದರು, ಸುಳ್ಳೇನೂ ಹೇಳಿರಲಿಲ್ಲ: ಪೂಜೆಗೆ ಯಾವಾಗಲೂ ಮುಕಾದಮರೇ ಏರುವುದು, ಬೇರೆಯವರಿಗೆ ಬಿಡುವುದಿಲ್ಲ, ಅವರ ಹಾಗೆ ಏರುವವರು ಈ ಮುಂಬೈಯಲ್ಲಿಲ್ಲ. ಹೊಗಳಿಕೆಯೂ ಕೆಲವೊಮ್ಮೆ ಕುತ್ತಿಗೆಗೆ ಬರುತ್ತದೆ. ಮುಂದಿನ ಬೆಂಚಿನಲ್ಲಿ ಶಿವಕುಮಾರಿ ಸೆರಗು ಹೊದ್ದು ಕುಳಿತಿದ್ದಳು.

ಮಾತೆಲ್ಲ ಹಿಂದಿಯಲ್ಲಿ ನಡೆಯಿತು. ಕನ್ನಡದಲ್ಲಿ ಬರೆದರೆ ಹೀಗೆ. ರಂಜನಾ ಕೇಳಿದಳು, ಇವನು ಹೇಳಿದ: "ನಾನ ಏರ್ಸಿದೆ. ಮುಕಾದಮ ಏರು ಅಂದ್ರ ಆಳ ಏರಬೇಕು. ಪೂಜಿ ಆಗಲಿಲ್ಲಂದ್ರ ಮರುದಿನಾ ಕೆಲಸಾ ನಡೀತಿದ್ದಿಲ್ಲ. ಅವತ್ತ ಮುಂಜಾನೆನೂ ಮ್ಯಾನೇಜರ್ ಸಾಹೇಬ್ರ ಫೋನ್ ಬಂದಿತ್ತು, ಪೂಜಿ ಆತೇನು ಅಂತ."

ಅನಿಲ ಬೆಂಚಿನಿಂದ ಅರ್ಧ ಎದ್ದು ಮತ್ತೆ ಕುಳಿತ. ಶಿವಕುಮಾರಿ ತಲೆ ಎತ್ತಿದಳು. ಇವನು ಆ ಕಡೆ ನೋಡಲಿಲ್ಲ.

ವಿಮಾ ಕಂಪನಿಯ ವಕೀಲ ಎದ್ದ. ವಯಸ್ಸಾದವನು, ಗದರಿಸುವ ಜಾತಿಯವನಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

"ಪೊಲೀಸರ ಮುಂದೆ ಅವನೇ ಏರಿದ ಎಂದಿರಿ. ಈಗ ನಾನೇ ಏರಿಸಿದೆ ಎನ್ನುತ್ತೀರಿ. ಯಾವುದು ಸುಳ್ಳು?"

"ಮೊದಲ ಹೇಳಿದ್ದು ಸುಳ್ಳ ಐತ್ರಿ."

"ಪೊಲೀಸರಿಗೇ ಸುಳ್ಳು ಹೇಳಿದವರು ಇಲ್ಲಿ ಮಾತ್ರ ಸತ್ಯ ಹೇಳುತ್ತೀರೋ?" ವಕೀಲ ಕನ್ನಡಕ ತೆಗೆದ. "ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಹುಡುಗಿ ನಿಮ್ಮ ಊರಿನವಳು. ಅವಳಿಗೆ ನಾಲ್ಕು ಕಾಸು ಬರಲಿ ಎಂದು ತಪ್ಪನ್ನು ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದೀರಿ. ಒಳ್ಳೆಯವರು. ಆದರೆ ಇದು ಕೋರ್ಟು. ಇಷ್ಟು ವರ್ಷ ಒಂದು ಪೂಜೆಯನ್ನೂ ಬೇರೆಯವರಿಗೆ ಬಿಡದ ನೀವು, ಅವತ್ತೇ ಯಾಕೆ ಬಿಟ್ಟಿರಿ?"

"ನನಗ ಏರಾಕ ಆಗಲಿಲ್ಲ."

"ಯಾಕೆ?"

ಶಂಕ್ರೆಪ್ಪ ಕಟಕಟೆಯ ಕಟ್ಟಿಗೆ ಹಿಡಿದುಕೊಂಡ. ಶರಣು, ಬಸವಂತಪ್ಪ ಮುಂದಕ್ಕೆ ಬಾಗಿ ಅವನನ್ನೇ ನೋಡುತ್ತಿದ್ದರು. ಕಾಲು ನೋವಿತ್ತೆಂದು ಹೇಳಿಬಿಡು, ಎಂದಿತು ಒಳಗಿನ ದನಿ. ಅಷ್ಟು ಹೇಳಿದರೂ ನಡೆಯುತ್ತದೆ, ಮಾನ ಉಳಿಯುತ್ತದೆ. ಆದರೆ ಕಾಲು ನೋವೆಂದರೆ ಯಾವ ಡಾಕ್ಟರು, ಯಾವ ಔಷಧ ಎಂದು ಎಳೆಯುತ್ತಾರೆ. ಒಂದು ಸುಳ್ಳು ಸಿಕ್ಕರೆ ಎಲ್ಲವೂ ಸುಳ್ಳಾಗುತ್ತದೆ.

"ತಲಿ ತಿರಗತೈತ್ರಿ" ಎಂದ. "ಮ್ಯಾಲ ಏರಿದ್ರ ಅಂಜಿಕಿ ಬರ್ತೈತಿ. ಆ ವರ್ಷದ ದೀವಳಿಗಿಯಿಂದ."

ಹಿಂದೆ ಶರಣು ಕಿಸಕ್ಕನೆ ನಕ್ಕ. ಮುಕಾದಮರು ಎಂಥ ಸುಳ್ಳು ಹೆಣೆದರಪ್ಪ ಎಂಬ ಮೆಚ್ಚುಗೆ ಅದರಲ್ಲಿತ್ತು. ಬಸವಂತಪ್ಪನೂ ನಕ್ಕ. ವಕೀಲನ ಮುಖದಲ್ಲೂ ನಗು ಬಂತು.

"ನೋಡಿ ಸಾಹೇಬರೇ, ಅವರ ಜನವೇ ನಗುತ್ತಿದ್ದಾರೆ" ಎಂದ ನ್ಯಾಯಾಧೀಶರತ್ತ ತಿರುಗಿ. "ಪರಾಂಚಿ ಮುಕಾದಮನಿಗೆ ಎತ್ತರ ಕಂಡರೆ ತಲೆ ತಿರುಗುತ್ತದಂತೆ. ಅಗೋ ಆ ಕಿಟಕಿ ನಾಲ್ಕನೆಯ ಮಜಲೆಯದು. ಅಲ್ಲಿ ನಿಂತು ಕೆಳಗೆ ನೋಡಿದರೂ ತಲೆ ತಿರುಗುತ್ತದೆಯೇ, ಮುಕಾದಮ್?"

ನ್ಯಾಯಾಧೀಶರು, ಇಂಥದ್ದೆಲ್ಲ ಬೇಡ ಎಂದು ಕೈಯೆತ್ತಿದರು. ಅಷ್ಟರಲ್ಲಿ ಶಂಕ್ರೆಪ್ಪ ಕಟಕಟೆಯಿಂದ ಇಳಿದಾಗಿತ್ತು. ಯಾರ ಅಪ್ಪಣೆಗೂ ಕಾಯಲಿಲ್ಲ. ಕಿಟಕಿಯ ಕದ ತಳ್ಳಿ, ಸರಳು ಹಿಡಿದು, ಕೆಳಗೆ ನೋಡಿದ.

ರಿಕ್ಷಾಗಳು, ಒಂದು ಗುಲ್‌ಮೊಹರ್ ಮರ, ಕೊಡೆಯ ಕೆಳಗೆ ಕುಳಿತ ಟೈಪಿಂಗಿನವನು. ಅಷ್ಟು ಕಂಡಿತು. ಆಮೇಲೆ ಎಲ್ಲವೂ ಒಂದೇ ಬದಿಗೆ ಸರಿಯಿತು. ಬಿಡಬಾರದೆಂದು ಹಲ್ಲು ಕಚ್ಚಿ ನಿಂತ. ಹಣೆಯಿಂದ ಬೆವರು ಇಳಿಯಿತು, ಮುಖದ ಬಣ್ಣವೆಲ್ಲ ಹೋಯಿತು. ಸರಳು ಹಿಡಿದಲ್ಲೇ ಕುಸಿದು ಕುಳಿತು ಕೋರ್ಟಿನ ನೆಲದ ಮೇಲೆ ವಾಂತಿ ಮಾಡಿಕೊಂಡ. ಧೋತರವೂ ಒದ್ದೆಯಾಗಿತ್ತು. ಓಡಿ ಬಂದು ಮೊದಲು ಅವನ ತೋಳು ಹಿಡಿದವನು ಅದೇ ಮುದಿ ವಕೀಲ. ಸರಳಿನಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಶರಣುವಿನ ನಗು ನಿಂತಿತ್ತು. ಬಸವಂತಪ್ಪ ಮುಖ ಬೇರೆ ಕಡೆ ತಿರುಗಿಸಿಕೊಂಡ. ಗುರುವಿನ ಧೋತರ ಒದ್ದೆಯಾದದ್ದನ್ನು ಯಾವ ಶಿಷ್ಯ ತಾನೇ ನೋಡಿಯಾನು?

"ಮುಂದೆ ಪ್ರಶ್ನೆಗಳಿಲ್ಲ" ಎಂದ ವಕೀಲ, ಅವನಿಗೆ ನೀರಿನ ಬಾಟಲಿ ಕೊಡುತ್ತ.

ಅವತ್ತು ಲೋಕಲ್‌ನಲ್ಲಿ ಶಿವಕುಮಾರಿ ಅವನ ಜತೆ ಬರಲಿಲ್ಲ. ಮುಂದಿನ ಸೋಮವಾರ ರೊಟ್ಟಿಯೂ ಬರಲಿಲ್ಲ. ಗ್ಯಾಂಗು ಬಸವಂತಪ್ಪನ ಕೈಗೆ ಹೋಯಿತು. ಗ್ರಾಂಟ್ ರೋಡಿನ ಬಿಲ್ಡಿಂಗಿಗೆ ಅವನೇ ಪರಾಂಚಿ ಕಟ್ಟಿದ. ಪೊಲೀಸರು ಶಂಕ್ರೆಪ್ಪನನ್ನು ಮತ್ತೆ ಕರೆಸಿ ಬೇರೆ ಹೇಳಿಕೆ ಬರೆಸಿಕೊಂಡರು. ಜಮಾಲಸಾಬ ಪ್ರತಿಸಲವೂ ಕೆಲಸ ಬಿಟ್ಟು ಜತೆಗೆ ಹೋದ, ದಾರಿಯುದ್ದಕ್ಕೂ ಬೈಯುತ್ತ.

ಮಳೆಗಾಲ ಹಿಡಿಯುವ ಮೊದಲು ತೀರ್ಪು ಬಂತು. ರಂಜನಾ ಮುಂದಿಟ್ಟ ವಾಚ್‌ಮನ್ನನ ತೀರ್ಪನ್ನು ನ್ಯಾಯಾಧೀಶರು ಒಪ್ಪಿಕೊಂಡಿದ್ದರು. ಪೂಜೆಯಿಲ್ಲದೆ ಮರುದಿನದ ಕೆಲಸ ನಡೆಯುತ್ತಿರಲಿಲ್ಲ, ಮ್ಯಾನೇಜರನಿಗೆ ಅದು ಗೊತ್ತಿತ್ತು, ಮುಕಾದಮನ ಮಾತಿನ ಮೇಲೆ ಏರಿದವನು ಕೆಲಸದ ಮೇಲೇ ಏರಿದಂತೆ, ಪರಿಹಾರವನ್ನು ವಿಮಾ ಕಂಪನಿಯೇ ಕೊಡತಕ್ಕದ್ದು. ಮುಕಾದಮನ ಸಾಕ್ಷಿಯನ್ನು ನಂಬದಿರಲು ಕಾರಣವಿಲ್ಲ ಎಂದೂ ಬರೆದಿದ್ದರು.

ಈ ಸುದ್ದಿಯನ್ನು ಶಂಕ್ರೆಪ್ಪನಿಗೆ ಶಿವಕುಮಾರಿಯೇ ಬಂದು ಹೇಳಿದಳು. ಮಧ್ಯಾಹ್ನದ ಹೊತ್ತು, ಪಾರ್ಲೆಯ ಬೆಳಗಿನ ಕೆಲಸ ಮುಗಿಸಿ ಬಂದವಳು ಹೊಸ್ತಿಲಲ್ಲೇ ಕುಳಿತಳು. ಬೈಯಲಿ ಎಂದು ಅವನು ಕಾದ. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತು.

"ಮಂಜೂರ ಆತ್ರಿ, ಕಾಕಾ."

"ಚಲೋ ಆತವ್ವಾ."

"ನಿಮ್ಮ ಸಾಕ್ಷಿಯಿಂದ ಆತು ಅಂದ್ರು ವಕೀಲರು." ಅವಳು ಸೆರಗಿನ ಅಂಚು ಸುರುಳಿ ಸುತ್ತುತ್ತ ಕುಳಿತಳು. "ಒಂದ ಕೇಳ್ತೀನಿ. ನಿಮ್ಮ ಅಂಜಿಕಿ ಹೆಂಗಿತ್ತು ಅಂತ ಕೋರ್ಟನ್ಯಾಗ ಎಲ್ಲಾರೂ ನೋಡಿದ್ವಿ. ಅವತ್ತ ಅವರಿಗೂ ಅಂಜಿಕಿ ಆಗಿತ್ತೇನ್ರಿ? ಏರೂಮುಂದ?"

ನಗುನಗುತ್ತ ಏರಿದನವ್ವಾ, ಮಾನ ಸಿಕ್ಕಿತೆಂದು ಎಷ್ಟು ಹಿಗ್ಗಿದ್ದ ಅಂತೀ! ಇಷ್ಟು ಹೇಳಿದ್ದರೆ ಸಾಕಿತ್ತು. ಕೇಳಲು ಬಂದವಳಿಗೂ ಬೇಕಾಗಿದ್ದದ್ದು ಅದೇ. ಮಾತು ಶಂಕ್ರೆಪ್ಪನ ನಾಲಿಗೆಯ ತುದಿಯವರೆಗೂ ಬಂತು. ಆದರೆ ಈ ಹುಡುಗಿಗೆ ಇನ್ನೊಂದು ಸುಳ್ಳು ಹೇಳುವುದು ಅವನಿಂದಾಗಲಿಲ್ಲ.

"ಗೊತ್ತಿಲ್ಲವ್ವಾ" ಎಂದ.

"ಅವರ ಮಾರಿ ನೋಡಿರಬೇಕಲ್ರಿ?"

"ಇಲ್ಲ. ಅವ ಏರೂತನಾ ನಾ ಮ್ಯಾಲ ನೋಡಲಿಲ್ಲ. ಕತ್ತ ಎತ್ತಿದ್ರೂ ನನಗ ತಲಿ ತಿರಗತಿತ್ತು. ನೆಲಾ ನೋಡಕೋತ ನಿಂತಿದ್ದೆ. ಬುಟ್ಟಿ ಬಿದ್ದಾಗನ ನನಗ ಗೊತ್ತಾಗಿದ್ದು."

ಶಿವಕುಮಾರಿ ಸುತ್ತಿದ್ದ ಸೆರಗನ್ನು ಬಿಟ್ಟಳು.

"ಅಂದ್ರ, ಕಡೀಕ ಅವರನ್ನ ಯಾರೂ ನೋಡಲೇ ಇಲ್ಲ" ಎಂದಳು.

ಆಮೇಲೆ ಎದ್ದು, ಪಾರ್ಲೆಯ ಸಂಜೆಯ ಮನೆಗೆಲಸಕ್ಕೆ ಹೊತ್ತಾಯಿತೆಂದು ಹೋದಳು.